ಹೆಸರು ಯಾಕೆ ಅಕ್ಕ?

"ಟ್ಯಾಂಕರ್ ಯಾಕೆ ಅಕ್ಕ? ಇಬ್ಬರನ್ನು ಕಳಿಸುತ್ತೇನೆ, ರಾತ್ರಿ ಬಂದು ಖಾಲಿ ಮಾಡಿ ಹೋಗುತ್ತಾರೆ."

"ಯಾರವರು? ಹೆಸರೇನು?"

"ಹೆಸರು ಯಾಕೆ ಅಕ್ಕ, ಕೆಲಸ ಆದರಾಯಿತಲ್ಲ."

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ವಿಚಾರಕ್ಕೆ ನಮ್ಮ ಮೇಸ್ತ್ರಿ ಆಡಿದ ಈ ಮಾತು ವಾರವಿಡೀ ತಲೆಯೊಳಗೆ ಕೊರೆಯುತ್ತಿದೆ. ಅವರು ಕೆಟ್ಟವರಲ್ಲ. ನಮ್ಮ ಮನೆ ಕಟ್ಟುವಾಗ ಒಂದು ಚೀಲ ಸಿಮೆಂಟಿನ ಲೆಕ್ಕವನ್ನೂ ತಪ್ಪಿಸಲಿಲ್ಲ. ಅಂಥವರ ಬಾಯಿಂದ ಇದು ಇಷ್ಟು ಸಲೀಸಾಗಿ ಬಂತಲ್ಲ ಎಂಬುದೇ ನನಗೆ ಸಂಕಟ.

ಸೆಪ್ಟಿಕ್ ಟ್ಯಾಂಕಿನ ವಿವರ ಕೊಡಿ, ಯಂತ್ರದಿಂದಲೇ ಖಾಲಿ ಮಾಡಿಸಿ ಎಂಬ ನೋಟಿಸು ಬಂದಾಗಿನಿಂದ ಓಣಿಯಲ್ಲೆಲ್ಲ ಸಿಡಿಮಿಡಿ. "ನಮ್ಮ ಮನೆ, ನಮ್ಮ ಗುಂಡಿ, ಸರಕಾರಕ್ಕೇನು?" ಎಂದು ಪಕ್ಕದ ಮನೆಯವರ ತಕರಾರು. ನಾನು ಒಪ್ಪುವುದಿಲ್ಲ. ಉಡುಪಿಯ ಈ ಮುರಕಲ್ಲಿನ ನೆಲದಲ್ಲಿ ನೀರು ಸಂದಿಸಂದಿಯಲ್ಲಿ ಹರಿಯುತ್ತದೆ. ಆಟಿ ತಿಂಗಳ ಮಳೆಗೆ ಬಾವಿಯ ನೀರು ಮೇಲೇರಿದಾಗ, ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿಯೂ ತುಂಬಿರುತ್ತದೆ. ಎರಡರ ನಡುವೆ 18 ಮೀಟರ್ ಅಂತರ ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಐದು ಸೆಂಟ್ಸ್ ಜಾಗದ ಉದ್ದಗಲವೇ ಸುಮಾರು 14 ಮೀಟರ್! ಹಾಗಾಗಿ ನಮ್ಮ ಗುಂಡಿಯದ್ದು ಪಕ್ಕದವರ ಬಾವಿಗೆ, ಅವರದ್ದು ನಮ್ಮ ಬಾವಿಗೆ. ಕೇಳುವ ಹಕ್ಕು ಸರಕಾರಕ್ಕೆ ಇದ್ದೇ ಇದೆ.

ತೊಡಕು ಬೇರೆ ಕಡೆ ಇದೆ. ನಮ್ಮ ಓಣಿಗೆ ಟ್ಯಾಂಕರ್ ನುಗ್ಗುವುದಿಲ್ಲ, ಅದರ ಪೈಪು ಹಿತ್ತಿಲಿನ ತನಕ ಎಟಕುವುದಿಲ್ಲ. ಆಗಲೇ ಮೇಸ್ತ್ರಿಯ ಆ ಇಬ್ಬರಿಗೆ ಕರೆ ಹೋಗುವುದು.

ಹೆಸರು ಯಾಕೆ ಅಂತೆ! ಗುಂಡಿಯೊಳಗೆ ಕಟ್ಟಿಕೊಳ್ಳುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್‌ಗೆ ಮೊದಲು ಕೊಳೆತ ಮೊಟ್ಟೆಯ ನಾತ. ಪ್ರಮಾಣ ಹೆಚ್ಚಿದಂತೆ ಅದು ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಇಲ್ಲವೆಂದು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದನ್ನು ಮಲ ಬಳಿಸುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ನಾನೇ ಕರೆಸಿದರೂ ಮೇಸ್ತ್ರಿಯ ಮೂಲಕ ಕರೆಸಿದರೂ ಅಪರಾಧವೇ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ ಆಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾತ್ರಿ ಬಂದು ಹೋಗುವವರ ಹೆಸರೇ ಯಾರಿಗೂ ಬೇಡವಾದರೆ ಕುಟುಂಬವನ್ನು ಹುಡುಕುವುದೆಲ್ಲಿ?

ಹೊಲಸು ಕೆಲಸವನ್ನು ಜಾತಿ ನೋಡಿ ಹಂಚಿದ ನೆಲ ನಮ್ಮದು. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಕೀಳಾಗಿ ಕಂಡು ಅವಮಾನಕರ ಕೆಲಸ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಇಲ್ಲಿ "ಇಬ್ಬರನ್ನು ಕಳಿಸುತ್ತೇನೆ" ಎಂದರೆ ಯಾವ ಕೇರಿಯಿಂದ ಎಂದು ಯಾರೂ ಕೇಳುವುದಿಲ್ಲ. ಕೇಳದೆಯೇ ಎಲ್ಲರಿಗೂ ತಿಳಿದಿರುತ್ತದೆ.

ಮೇಸ್ತ್ರಿಗೆ ಬೇಡವೆಂದೆ. "ನಿಮಗೆ ದುಡ್ಡು ಹೆಚ್ಚಾಗಿದೆ" ಎಂದು ನಕ್ಕರು. ಉದ್ದದ ಪೈಪು ಜೋಡಿಸಿ ಬರಲು ಟ್ಯಾಂಕರಿನವರು ಒಪ್ಪಿದ್ದಾರೆ, ದರ ಮಾತ್ರ ದುಬಾರಿ. ನಾನು ಕೊಡಬಲ್ಲೆ. ಕೊಡಲಾಗದ ಮನೆಗಳೂ ಇದೇ ಓಣಿಯಲ್ಲಿವೆ. ನೋಟಿಸಿನ ಜೊತೆಗೇ ಇಕ್ಕಟ್ಟಿನ ದಾರಿಗೆ ನುಗ್ಗುವ ಸಣ್ಣ ಗಾಡಿ, ಬಡವರಿಗೆ ಎಟಕುವ ದರ ಎರಡೂ ಬರಬೇಕಿತ್ತು. ಮುಂದಿನ ವಾರ್ಡ್ ಸಭೆಯಲ್ಲಿ ಇದನ್ನು ಕೇಳುತ್ತೇನೆ. ಪಕ್ಕದ ಮನೆಯವರೂ ಬರುತ್ತೇನೆಂದಿದ್ದಾರೆ.