ಮೇಲಂತಸ್ತಿನಿಂದ ರಕ್ತದ ಹೊಲದವರೆಗೆ: ಯೂದನ ಹಾದಿಯಲ್ಲಿ ಅರ್ಧ ದಿನ

ಯೇಸುವಿನ ಕೊನೆಯ ರಾತ್ರಿಯ ಜಾಗಗಳನ್ನು ನೋಡಲು ಯೆರೂಸಲೇಮಿಗೆ ಬಂದವರನ್ನು ಟೂರ್ ಬಸ್ಸುಗಳು ಸಾಮಾನ್ಯವಾಗಿ ಎಣ್ಣೆಮರಗಳ ಗುಡ್ಡದ ತುದಿಯಲ್ಲಿ ಇಳಿಸುತ್ತವೆ. ಅಲ್ಲಿಂದ ಎಲ್ಲವೂ ಇಳಿಜಾರು, ಕಾಲಿಗೆ ಸುಖ. ಆದರೆ ಅದು ಯೇಸು ಊರು ಪ್ರವೇಶಿಸಿದ್ದನ್ನು ನೆನೆಯುವ ಗರಿಗಳ ಭಾನುವಾರದ ಮೆರವಣಿಗೆಯ ದಿಕ್ಕು. ಯೇಸುವನ್ನು ಮುತ್ತಿಟ್ಟು ಶತ್ರುಗಳಿಗೆ ಹಿಡಿದುಕೊಟ್ಟ ಶಿಷ್ಯ ಯೂದನ ಕಥೆಯನ್ನು ಆ ಕಡೆಯಿಂದ ಹಿಡಿದರೆ ಮೊದಲು ಮುತ್ತು, ಆಮೇಲೆ ಊಟ ಎಂದಾಗುತ್ತದೆ. ವಿಶ್ವಾಸದ್ರೋಹದ ಹಾದಿ ಶುರುವಾಗುವುದು ಎದುರು ಬದಿಯ ಸಿಯೋನ್ ಗುಡ್ಡದಲ್ಲಿ. ಅಲ್ಲಿಂದ ಕಿದ್ರೋನ್ ಕಣಿವೆಗೆ ಇಳಿದು, ಯೇಸುವನ್ನು ಬಂಧಿಸಿದ ಗೆತ್ಸೆಮನೆ ತೋಟ ನೋಡಿ, ಮತ್ತೆ ಕಣಿವೆಗುಂಟ ದಕ್ಷಿಣಕ್ಕೆ ಅಕೆಲ್ದಮಕ್ಕೆ, ಅಂದರೆ 'ರಕ್ತದ ಹೊಲ'ಕ್ಕೆ, ನಡೆಯಬೇಕು. ಎಲ್ಲ ಸೇರಿ ನಾಲ್ಕೈದು ಕಿಲೋಮೀಟರ್.

ಇಷ್ಟು ಚಿಕ್ಕ ಹಾದಿಯ ಮೇಲೆ ಎರಡು ಸಾವಿರ ವರ್ಷಗಳ ಜಗಳವೊಂದು ಕೂತಿದೆ. ಯೂದ ಹಿಡಿದುಕೊಡುವುದು ದೇವರ ಸಂಕಲ್ಪದಲ್ಲೇ ಇದ್ದರೆ ತಪ್ಪು ಅವನದು ಹೇಗಾಗುತ್ತದೆ? ಅವನು ಹಿಂದೆ ಸರಿದಿದ್ದರೆ ಶಿಲುಬೆಯ ಗತಿ ಏನಾಗುತ್ತಿತ್ತು? ಈ ಪ್ರಶ್ನೆಗಳನ್ನು ಓದುವ ಮೇಜಿನ ಮೇಲೆ ಬಿಡಿಸುವುದಕ್ಕಿಂತ ಇಲ್ಲಿ ನಡೆಯುತ್ತಾ ನೋಡುವುದು ಒಳ್ಳೆಯದು. ಆ ರಾತ್ರಿ ಯಾರಿಗೆ ಎಷ್ಟು ಹೊತ್ತು ಸಿಕ್ಕಿತ್ತು, ತಪ್ಪಿಸಿಕೊಳ್ಳುವ ದಾರಿ ಎಲ್ಲಿತ್ತು ಎಂಬುದು ಅಂತರಗಳಿಂದಲೇ ಗೊತ್ತಾಗುತ್ತದೆ.

ದಿನ ಆರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಭಾನುವಾರ ಶಿಷ್ಯ ಪೇತ್ರನ ಹೆಸರಿನ ಗಲ್ಲಿಕಾಂತು (ಹುಂಜದ ಕೂಗು) ಚರ್ಚ್ ಮುಚ್ಚಿರುತ್ತದೆ. ಶುಕ್ರವಾರ ಮಧ್ಯಾಹ್ನ ಅಲ್-ಅಕ್ಸಾ ಮಸೀದಿಯ ನಮಾಜಿಗೆ ಬರುವ ಜನಸಂದಣಿಯಿಂದ ಕಿದ್ರೋನ್ ಬದಿಯ ರಸ್ತೆಗಳು ಬಿಗಿಯಾಗುತ್ತವೆ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಪಶ್ಚಿಮ ಭಾಗದ ಸಿಟಿ ಬಸ್ಸು, ಟ್ರಾಮ್ ಓಡುವುದಿಲ್ಲ. ಗೆತ್ಸೆಮನೆಯಲ್ಲಿ ಮಧ್ಯಾಹ್ನ ಬಾಗಿಲು ಹಾಕುವುದುಂಟು, ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಹೊರಡದಿದ್ದರೆ ಮುಚ್ಚಿದ ಗೇಟಿನ ಮುಂದೆ ಬಿಸಿಲಲ್ಲಿ ನಿಲ್ಲಬೇಕಾದೀತು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಇಲ್ಲಿನ ಸುಣ್ಣಕಲ್ಲು ಕಾಲು ಸವೆಸಿ ಸವೆಸಿ ಕನ್ನಡಿಯಂತಾಗಿದೆ, ನುಣುಪು ಅಡಿಯ ಚಪ್ಪಲಿ ಬೇಡ.

ಸಿಯೋನ್ ದ್ವಾರದ ಕಲ್ಲುಗಳಲ್ಲಿ 1948ರ ಯುದ್ಧದ ಗುಂಡಿನ ಗುರುತುಗಳು ಇನ್ನೂ ಇವೆ. ಅದನ್ನು ದಾಟಿ ಅರಸ ದಾವೀದನ ಸಮಾಧಿಯ ಫಲಕ ಹಿಡಿದು ಹೋದರೆ, ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಕೊನೆಯ ಭೋಜನದ ಕೋಣೆ. ಫಲಕ ನೋಡಿ ಕೆಳಗಿನ ಸಮಾಧಿಗೇ ನುಗ್ಗಿಬಿಡುವವರು ಬಹಳ, ಮೇಲೆ ಹತ್ತುವ ಮೆಟ್ಟಿಲು ಬೇರೆಯೇ ಇದೆ. ಪ್ರವೇಶ ಉಚಿತ. ಕಮಾನುಗಳ ಈ ಗಾಥಿಕ್ ಹಜಾರ ಕ್ರುಸೇಡ್ ಕಾಲದ್ದು, ಮೊದಲನೇ ಶತಮಾನದ್ದಲ್ಲ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೈಯಲ್ಲಿದ್ದ ಜಾಗ ಒಟ್ಟೋಮನ್ನರ ಕಾಲದಲ್ಲಿ ಮಸೀದಿಯಾಯಿತು. ದಕ್ಷಿಣ ಗೋಡೆಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಮಿಹ್ರಾಬ್ ಗೂಡು ಇದೆ, ಕಿಟಕಿಗಳಲ್ಲಿ ಅರಬ್ಬಿ ಅಕ್ಷರ. ಮೂಲೆಯ ಸಣ್ಣ ಗುಮ್ಮಟವನ್ನು ಹೊತ್ತ ಅಮೃತಶಿಲೆಯ ಕಂಬದ ತಲೆಯನ್ನು ಹತ್ತಿರದಿಂದ ನೋಡಿ: ತಾಯಿ ಪೆಲಿಕನ್ನಿನ ಎದೆಯನ್ನು ಎರಡು ಮರಿಗಳು ಕುಕ್ಕುತ್ತಿವೆ. ತನ್ನ ರಕ್ತ ಕೊಟ್ಟು ಮರಿಗಳನ್ನು ಉಳಿಸುವ ಹಕ್ಕಿ ಎಂದು ಮಧ್ಯಯುಗದವರು ಅದನ್ನು ಕ್ರಿಸ್ತನ ಗುರುತಾಗಿ ಕೆತ್ತುತ್ತಿದ್ದರು. ಈ ಚಿತ್ರದಲ್ಲಿ ಕೊಡುವವಳು ತಾನಾಗಿಯೇ ಕೊಡುತ್ತಿದ್ದಾಳೆ, ಕುಕ್ಕುವವರೂ ಕುಕ್ಕುತ್ತಿದ್ದಾರೆ.

ಜಗಳದ ಬೀಜವಿರುವುದು ಈ ಮೇಜಿನ ಸುತ್ತ ಆಡಿದ ಒಂದೇ ಮಾತಿನಲ್ಲಿ. ಮಾರ್ಕನ ಸುವಾರ್ತೆಯ 14ನೇ ಅಧ್ಯಾಯದ 21ನೇ ವಚನದಲ್ಲಿ ಯೇಸು ತನ್ನನ್ನೇ ಮನುಷ್ಯಕುಮಾರನೆಂದು ಕರೆದುಕೊಂಡು ಹೇಳುವುದು ಹೀಗೆ: ಮನುಷ್ಯಕುಮಾರನು ಬರೆದಿರುವಂತೆಯೇ ಹೋಗುತ್ತಾನೆ, ಆದರೆ ಅವನನ್ನು ಹಿಡಿದುಕೊಡುವವನ ಗತಿಯನ್ನು ಏನು ಹೇಳಲಿ, ಅವನು ಹುಟ್ಟದಿದ್ದರೇ ಚೆನ್ನಾಗಿತ್ತು. ಇನ್ನೊಂದು ಸುವಾರ್ತೆ ಬರೆದ ಲೂಕ 'ಬರೆದಿರುವಂತೆ' ಎನ್ನುವಲ್ಲಿ 'ನೇಮಕವಾದಂತೆ' ಎಂದು ಇನ್ನೂ ಬಿಗಿ ಮಾಡುತ್ತಾನೆ. ಮೊದಲರ್ಧ ಮಾತ್ರ ಹಿಡಿದವನಿಗೆ ಯೂದ ಬೊಂಬೆ, ಎರಡನೆಯದನ್ನಷ್ಟೇ ಹಿಡಿದವನಿಗೆ ಶಿಲುಬೆ ಆಕಸ್ಮಿಕ. ಸುವಾರ್ತೆಯೋ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾಗುತ್ತದೆ.

ಯೋಹಾನ ಇನ್ನೊಂದು ದೃಶ್ಯ ಕೊಡುತ್ತಾನೆ. ಯೇಸು ರೊಟ್ಟಿಯ ತುಂಡನ್ನು ಅದ್ದಿ ಯೂದನ ಕೈಗೆ ಕೊಡುತ್ತಾನೆ. ಊಟ ಹಾಕುವವನು ಹಾಗೆ ತಾನೇ ಕೈಯೆತ್ತಿ ಕೊಡುವುದೆಂದರೆ ಸಲಿಗೆ, ಆದರ. ತುಂಡು ತೆಗೆದುಕೊಂಡ ಮೇಲೆಯೇ ಸೈತಾನನು ಅವನೊಳಗೆ ಹೊಕ್ಕನೆಂದು ಬರೆದಿದೆ. 'ಮಾಡುವುದನ್ನು ಬೇಗ ಮಾಡು' ಎಂಬ ಮಾತು ಬರುವುದು ಅದರ ನಂತರ. ಆಜ್ಞೆಯೋ, ಅನುಮತಿಯೋ ಎಂದು ವ್ಯಾಖ್ಯಾನಕಾರರು ಇಂದಿಗೂ ಕಾದಾಡುತ್ತಾರೆ. ಉಳಿದ ಶಿಷ್ಯರಿಗಂತೂ ಏನೂ ಹೊಳೆಯಲಿಲ್ಲ, ಹಬ್ಬದ ಸಾಮಾನು ತರಲು ಹೋದನೆಂದುಕೊಂಡರು. ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸಿದ್ದೂ ಮೇಲಂತಸ್ತಿನಲ್ಲಿ ತಂಗಿದ್ದ ದಿನಗಳಲ್ಲೇ, ಸಂಪ್ರದಾಯದ ಪ್ರಕಾರ ಇದೇ ಜಾಗದಲ್ಲಿ.

ಗಲ್ಲಿಕಾಂತು ಚರ್ಚಿಗೆ ಇಲ್ಲಿಂದ ಪೂರ್ವದ ಇಳಿಜಾರಿನಲ್ಲಿ ಹತ್ತು ನಿಮಿಷ. ಅಸಂಪ್ಷನಿಸ್ಟ್ ಪಾದ್ರಿಗಳ ಈ ಚರ್ಚ್ 1931ರಲ್ಲಿ ಪ್ರತಿಷ್ಠಾಪನೆಯಾಯಿತು. ಮೇಲೆ ಚಿನ್ನದ ಬಣ್ಣದ ಹುಂಜ, ಕೆಳಗೆ ಬಂಡೆಯಲ್ಲಿ ಕೊರೆದ ಗುಹೆಗಳು. ಸಂಪ್ರದಾಯ ಇದನ್ನು ಬಂಧಿತ ಯೇಸುವನ್ನು ವಿಚಾರಿಸಿದ ಮಹಾಯಾಜಕ ಕಾಯಫನ ಮನೆ ಎನ್ನುತ್ತದೆ, ಪುರಾತತ್ವಜ್ಞರಲ್ಲಿ ಒಮ್ಮತವಿಲ್ಲ. ಕಥೆಯ ಕ್ರಮದಲ್ಲಿ ಇದು ಗೆತ್ಸೆಮನೆಯ ನಂತರ ಬರಬೇಕು, ಆದರೆ ಮತ್ತೆ ಗುಡ್ಡ ಹತ್ತುವ ಕಷ್ಟ ಬೇಡವೆಂದರೆ ಈಗಲೇ ನೋಡುವುದು ಜಾಣತನ. ಆವರಣದಲ್ಲಿ ಕಣಿವೆಯ ಕಡೆಗೆ ಇಳಿಯುವ ಪುರಾತನ ಕಲ್ಲಿನ ಮೆಟ್ಟಿಲುಗಳಿವೆ. ಅವು ಆವರಣದಲ್ಲೇ ಮುಗಿಯುತ್ತವೆ, ಮುಂದೆ ಹೋಗಲು ರಸ್ತೆಗೇ ಮರಳಬೇಕು.

ಜಗಲಿಯಿಂದ ಕಣಿವೆಯೂ ಎದುರಿನ ಗುಡ್ಡವೂ ಒಟ್ಟಿಗೆ ಕಾಣುತ್ತವೆ. ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ಇಡೀ ಸಾಲು ಒಮ್ಮೆಗೇ ಕಾಣುತ್ತದೆ, ಕಂಡ ಮಾತ್ರಕ್ಕೆ ಅವನು ಯಾರನ್ನೂ ನಡೆಸಿದಂತಾಗಲಿಲ್ಲ: 13ನೇ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವೈನಸ್ ದೇವರ ಮುನ್ನರಿವಿಗೆ ಕೊಟ್ಟ ಹೋಲಿಕೆ ಇದು. ಜಗಲಿಯಲ್ಲಿ ನಿಂತಾಗ ಒಪ್ಪಿಗೆಯಾಗುತ್ತದೆ. ಆದರೆ ಯೂದನ ಪ್ರಕರಣಕ್ಕೆ ಅಷ್ಟು ಸಾಲದು. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ ಪೇತ್ರ, ಯೇಸುವನ್ನು ಒಪ್ಪಿಸಲಾದದ್ದು ದೇವರ 'ಸಂಕಲ್ಪ ಮತ್ತು ಮುನ್ನರಿವಿನ' ಪ್ರಕಾರ ಎನ್ನುತ್ತಾನೆ. ಮೇಲಿನಿಂದ ನೋಡುತ್ತಿದ್ದವನು ದಾರಿಯನ್ನೂ ಹಾಕಿದ್ದಾನೆ ಎಂದ ಹಾಗಾಯಿತಲ್ಲ. ಅದೇ ವಾಕ್ಯದಲ್ಲಿ 'ಕೊಂದವರು ನೀವು' ಎಂದೂ ಇದೆ.

ಪೇತ್ರನ ಜೊತೆಗಿಟ್ಟು ನೋಡಿದರೆ ಮಾತ್ರ ಯೂದ ಸರಿಯಾಗಿ ಕಾಣುತ್ತಾನೆ. ಆ ರಾತ್ರಿ ಇಬ್ಬರ ಬೀಳುವಿಕೆಯನ್ನೂ ಮೊದಲೇ ಹೇಳಲಾಗಿತ್ತು. ಪೇತ್ರ ಹುಂಜ ಕೂಗುವ ಮುನ್ನ ಯೇಸುವನ್ನು ಮೂರು ಸಲ ಅಲ್ಲಗಳೆದ, ಅತ್ತ, ಉಳಿದ. ಹಾಗಾದರೆ ಭವಿಷ್ಯವಾಣಿ ಕಟ್ಟಿಹಾಕುವುದಿಲ್ಲ, ಮುಂದಿನದು ಅವರವರ ಕೈಯಲ್ಲಿತ್ತು ಎಂದು ಪ್ರವಚನಗಳಲ್ಲಿ ಕೇಳುತ್ತೇವೆ. ಇದು ಸ್ವಲ್ಪ ಅವಸರದ ತೀರ್ಮಾನ. ಲೂಕ 22:32ರಲ್ಲಿ ಯೇಸು ಪೇತ್ರನಿಗೆ 'ನಿನಗೋಸ್ಕರ ಪ್ರಾರ್ಥಿಸಿದ್ದೇನೆ, ನೀನು ತಿರುಗಿಕೊಂಡ ಮೇಲೆ' ಎಂದು ಆ ಮರಳುವಿಕೆಯನ್ನೂ ಮುಂಚೆಯೇ ಹೇಳಿಬಿಟ್ಟಿದ್ದಾನೆ. ಯೂದನ ವಿಷಯದಲ್ಲಿ ಅಂಥ ಮಾತು ಸುವಾರ್ತೆಗಳಲ್ಲಿ ದಾಖಲಾಗಿಲ್ಲ. ಹುಂಜದ ಕೆಳಗೆ ನಿಂತು ಕೇಳಬೇಕಾದ ಕಠಿಣ ಪ್ರಶ್ನೆ ಅದು.

ಕಸದ ದ್ವಾರದ ಮುಂದಿನಿಂದ ಓಫೆಲ್ ರಸ್ತೆ ಹಿಡಿದು ಕಿದ್ರೋನ್‌ಗೆ ಇಳಿಯಬೇಕು. ಇಲ್ಲಿ ನೆರಳೇ ಇಲ್ಲ, ನೀರು ಚರ್ಚಿನಲ್ಲೇ ತುಂಬಿಸಿಕೊಳ್ಳಿ. ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ. ಬಂಡೆಯಿಂದ ಕೊರೆದು ತೆಗೆದ, ಶಂಕುವಿನಾಕಾರದ ತಲೆಯ ಗೋರಿಗೆ ಅಬ್ಷಾಲೋಮನ ಸ್ತಂಭವೆಂದು ಹೆಸರು. ಕಟ್ಟಿದ್ದು ದಾವೀದನಿಗಿಂತ ಸಾವಿರ ವರ್ಷ ಈಚೆಗೆ. ಹೆಸರು ಮಾತ್ರ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಮಗ ಅಬ್ಷಾಲೋಮ ದಂಗೆ ಎದ್ದಾಗ ದಾವೀದ ಓಡಿದ್ದು ಇದೇ ಕಿದ್ರೋನ್ ದಾಟಿ, ಅಳುತ್ತಾ ಎಣ್ಣೆಮರಗಳ ಗುಡ್ಡ ಹತ್ತಿ. ಅವನಿಗೆ ದ್ರೋಹ ಬಗೆದ ಮಂತ್ರಿ ಅಹೀತೋಫೆಲ ಕೊನೆಗೆ ಉರುಲು ಹಾಕಿಕೊಂಡ. ಹೀಬ್ರೂ ಬೈಬಲಿನಲ್ಲಿ ಅಂಥ ಸಾವು ಅಪರೂಪ.

41ನೇ ಕೀರ್ತನೆಯ ಅಳಲನ್ನು ಹಳೆಯ ವ್ಯಾಖ್ಯಾನಗಳು ಅಹೀತೋಫೆಲನಿಗೆ ಅನ್ವಯಿಸುತ್ತವೆ: ನಾನು ನಂಬಿದ್ದ ಆಪ್ತಮಿತ್ರನು, ನನ್ನ ರೊಟ್ಟಿ ತಿಂದವನು, ನನಗೆ ಕಾಲೆತ್ತಿದನು. ಇದನ್ನೇ ಯೋಹಾನ 13:18ರಲ್ಲಿ ಯೇಸು ಯೂದನ ಬಗ್ಗೆ ಉದ್ಧರಿಸುವಾಗ 'ನಾನು ನಂಬಿದ್ದ' ಎಂಬ ಭಾಗ ಬಿಟ್ಟುಹೋಗಿದೆ. ಯೋಹಾನನ ಯೇಸುವಿಗೆ ಮೊದಲಿಂದಲೇ ಗೊತ್ತು, ಅವನು ಮೋಸಹೋಗಲಾರ. ಆದರೂ ಹಣದ ಚೀಲ ಯೂದನ ಕೈಯಲ್ಲೇ ಇತ್ತು, ಪಾದ ತೊಳೆಯುವಾಗ ಅವನ ಪಾದವೂ ಸಾಲಿನಲ್ಲಿತ್ತು.

ಗೆತ್ಸೆಮನೆಯಲ್ಲಿ ನೋಡಬೇಕಾದದ್ದು ಮೂರು: ತೋಟ, ಅದರ ಪಕ್ಕದ ಸಕಲ ಜನಾಂಗಗಳ ಚರ್ಚ್, ಸ್ವಲ್ಪ ಉತ್ತರಕ್ಕೆ ಮರಿಯಳ ಸಮಾಧಿಯ ಬಳಿ ಗುಹೆ. ಅವಸರದ ಗುಂಪುಗಳು ಗುಹೆಯನ್ನೇ ಬಿಟ್ಟುಹೋಗುತ್ತವೆ, ಮುತ್ತಿಟ್ಟು ಹಿಡಿದುಕೊಟ್ಟ ಜಾಗವೆಂದು ಸಂಪ್ರದಾಯ ತೋರಿಸುವುದು ಅದನ್ನೇ. ಹಿಂದೆ ಅದು ಎಣ್ಣೆ ಗಾಣವಿದ್ದ ಗುಹೆ. ತೋಟದಲ್ಲಿ ಎಂಟು ಹಳೆಯ ಮರಗಳಿವೆ. ಇಟಲಿಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೂರರ ಕಾಂಡಗಳು 12ನೇ ಶತಮಾನದ ಆಸುಪಾಸಿನವೆಂದು ತಿಳಿಯಿತು. ಉಳಿದವುಗಳ ಒಡಲು ಟೊಳ್ಳಾಗಿ ವಯಸ್ಸು ಸಿಗಲಿಲ್ಲ. ಎಂಟೂ ಒಂದೇ ತಾಯಿಮರದ ಸಂತತಿ. 'ಯೇಸುವನ್ನು ಕಂಡ ಮರಗಳು' ಎನ್ನುವ ಗೈಡಿನ ಮಾತನ್ನು ಹಾಗೇ ನಂಬಬೇಡಿ.

ಅಂತೋನಿಯೊ ಬಾರ್ಲುಜ್ಜಿ ವಿನ್ಯಾಸದ ಚರ್ಚ್ 1924ರದ್ದು. ಕಿಟಕಿಗೆ ನೇರಳೆ ಛಾಯೆಯ ಅಲಬಾಸ್ಟರ್ ಹಾಕಿ ಹಗಲಲ್ಲೂ ಒಳಗೆ ಮಬ್ಬು ಉಳಿಸಿದ್ದಾರೆ. ಬಲಿಪೀಠದ ಮುಂದಿನ ಬರಿ ಬಂಡೆಗೆ ಮುಳ್ಳಿನ ಕಿರೀಟದಾಕಾರದ ಕಬ್ಬಿಣದ ಸುತ್ತು. 'ನನ್ನ ಇಷ್ಟವಲ್ಲ, ನಿನ್ನ ಇಷ್ಟವೇ ಆಗಲಿ' ಎಂದು ಪ್ರಾರ್ಥಿಸಿದ ಜಾಗ. ಯೂದನೊಬ್ಬನ ಇಚ್ಛೆಯ ಬಗ್ಗೆಯೇ ತಲೆಕೆಡಿಸಿಕೊಂಡವರು ಇಲ್ಲಿ ತಡೆದು ನಿಲ್ಲಬೇಕು. ಯೇಸುವಿಗೆ ತನ್ನದೇ ಮಾನವ ಇಚ್ಛೆ ಇತ್ತೇ ಎಂಬ ಪ್ರಶ್ನೆಗೆ 7ನೇ ಶತಮಾನದ ವಾದವೆಲ್ಲ ಈ ಪ್ರಾರ್ಥನೆಯ ಸುತ್ತಲೇ ನಡೆಯಿತು. ಇತ್ತು ಎಂದು ಹಟ ಹಿಡಿದ ಮಾಕ್ಸಿಮಸ್ ಎಂಬ ಸನ್ಯಾಸಿಯ ನಾಲಿಗೆಯನ್ನೂ ಬಲಗೈಯನ್ನೂ 662ರಲ್ಲಿ ಕತ್ತರಿಸಿದರು. 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನ ಪಕ್ಷವನ್ನೇ ಎತ್ತಿಹಿಡಿಯಿತು.

ಯೇಸುವಿನ ಆ ಇಚ್ಛೆಗೆ ಬೇರೆ ದಾರಿಯೂ ಇತ್ತು. ಚರ್ಚಿನ ಹಿಂದಿನ ಕಡಿದಾದ ದಾರಿಯಲ್ಲಿ ಸುಮಾರು ಇಪ್ಪತ್ತು ನಿಮಿಷ ಏರಿದರೆ ಗುಡ್ಡದ ನೆತ್ತಿ, ಆಚೆಗೆ ಬೇಥಾನ್ಯ, ಅದರಾಚೆ ಯೂದಾಯದ ಮರಳುಗಾಡು. ದಾವೀದ ತಪ್ಪಿಸಿಕೊಂಡ ದಿಕ್ಕು. ಇಂದು ಪ್ರತ್ಯೇಕತಾ ಗೋಡೆಯಿಂದಾಗಿ ಬೇಥಾನ್ಯಕ್ಕೆ ನೇರ ನಡೆಯಲಾಗದು, ಅಂದು ಅಡ್ಡಿಯಿರಲಿಲ್ಲ. ಹಿಡಿಯಲು ಬಂದವರು ಯೆಹೂದ್ಯರ ಪಸ್ಕ ಹಬ್ಬದ ಹುಣ್ಣಿಮೆಯಲ್ಲೂ ಪಂಜು ಹಿಡಿದಿದ್ದರು. ಎದುರಿನ ಕೋಟೆಯಿಂದ ಇಳಿಯುವ ಬೆಳಕಿನ ಸಾಲು ಇಲ್ಲಿಗೆ ಹಲವು ನಿಮಿಷ ಮೊದಲೇ ಕಂಡಿರಬೇಕು. 'ಏಳಿ, ಹಿಡಿದುಕೊಡುವವನು ಹತ್ತಿರ ಬಂದ' ಎಂಬ ಮಾತು ಅವರು ತಲುಪುವ ಮುನ್ನವೇ ಬರುತ್ತದೆ. ಜಾಗವೂ ಗುಟ್ಟಿನದಲ್ಲ, ಯೇಸು ಆಗಾಗ ಬರುತ್ತಿದ್ದ, ಯೂದನಿಗೆ ಗೊತ್ತಿದ್ದ ತೋಟ. ಬಲೆಗೆ ಬೀಳದಿರಬೇಕೆಂದಿದ್ದರೆ ತಾಣ ಬದಲಿಸಿದರೆ ಸಾಕಿತ್ತು.

ಒಂದೇ ಒಪ್ಪಿಸುವಿಕೆಯಲ್ಲಿ ತಂದೆ, ಮಗ, ಯೂದ ಮೂವರೂ ಇದ್ದರು, ಕೆಲಸ ಒಂದೇ ಆದರೂ ಉದ್ದೇಶ ಒಂದಲ್ಲ ಎಂದು ಪ್ರಾಚೀನ ಸಭಾಪಿತೃ ಅಗಸ್ಟಿನ್ ಹೇಳಿದ್ದು ಇದನ್ನೇ. ಪ್ರೊಟೆಸ್ಟೆಂಟ್ ಸುಧಾರಣೆಯ ಯುಗದಲ್ಲಿ ಇದು ಬೆಂಕಿಯಾಯಿತು. 1524ರಲ್ಲಿ ವಿದ್ವಾಂಸ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯದ ಪರ ಬರೆದ. ಮರುವರ್ಷ ಸುಧಾರಕ ಮಾರ್ಟಿನ್ ಲೂಥರ್ ಉತ್ತರಿಸಿದ: ಯೂದನನ್ನು ಯಾರೂ ಬಲವಂತ ಮಾಡಲಿಲ್ಲ, ಮನಸಾರೆ ಮಾಡಿದ, ಆದರೂ ಅದು ತಪ್ಪಿಸಲಾಗದ್ದಾಗಿತ್ತು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಗೆರೆ ಎಳೆಯಿತು: ಪೌಲನ ಕರೆಯಷ್ಟೇ ಯೂದನ ದ್ರೋಹವೂ ದೇವರ ಸ್ವಂತ ಕೆಲಸ ಎನ್ನುವವನಿಗೆ ಬಹಿಷ್ಕಾರ. ಲೂಥರನ ತರ್ಕ ಬಿಗಿಯಾಗಿದೆ ನಿಜ. ಆದರೆ ಮನಸಾರೆ ಮಾಡಿದ್ದೂ ತಪ್ಪಿಸಲಾಗದ್ದೂ ಒಂದೇ ಆದರೆ, ಆ ರೊಟ್ಟಿಯ ತುಂಡನ್ನು ಕೊಟ್ಟದ್ದು ಏತಕ್ಕೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನವಾದ ಪವಿತ್ರ ಗುರುವಾರ ಬಂದವರು ಈ ಚರ್ಚಿನಲ್ಲಿ ರಾತ್ರಿಯ ಪ್ರಾರ್ಥನೆಗೆ ಬೇಗ ಜಾಗ ಹಿಡಿಯಬೇಕು. ಅದು ಮುಗಿದ ಮೇಲೆ ಮೇಣದಬತ್ತಿ ಹಿಡಿದು ಗಲ್ಲಿಕಾಂತುವಿಗೆ ನಡೆಯುತ್ತಾರೆ, ಬಂಧಿಯನ್ನು ಒಯ್ದ ದಿಕ್ಕಿನಲ್ಲೇ.

ಕೊನೆಯ ತಾಣ ಅಕೆಲ್ದಮಕ್ಕೆ ಕಣಿವೆಗುಂಟ ದಕ್ಷಿಣಕ್ಕೆ ಅರ್ಧ ಗಂಟೆಗೂ ಮೀರಿದ ನಡಿಗೆ. ಹಿನ್ನೋಮ್ ಕಣಿವೆ ಕಿದ್ರೋನನ್ನು ಸೇರುವಲ್ಲಿ, ದಕ್ಷಿಣದ ಇಳಿಜಾರಿನಲ್ಲಿ ಸಂತ ಒನುಫ್ರಿಯಸ್ಸನ ಗ್ರೀಕ್ ಮಠ. ಸುತ್ತ ಹಳೆಯ ಗೋರಿಗುಹೆಗಳು. ಮಠದ ಬಾಗಿಲು ತೆರೆದಿರುವ ಹೊತ್ತು ಕಮ್ಮಿ, ಒಂಟಿಯಾಗಿ ಹೋಗದೆ ಹಗಲಲ್ಲೇ ಇಬ್ಬರಾದರೂ ಹೋಗಿ. ಹಿಡಿದುಕೊಟ್ಟದ್ದಕ್ಕೆ ಪಡೆದು ಯೂದ ಹಿಂದಿರುಗಿಸಿದ ಮೂವತ್ತು ಬೆಳ್ಳಿ ನಾಣ್ಯಕ್ಕೆ ಯಾಜಕರು ಪರದೇಶಿಗಳ ಸ್ಮಶಾನಕ್ಕೆಂದು ಕೊಂಡ ಕುಂಬಾರನ ಹೊಲ ಇದು ಎನ್ನುತ್ತಾನೆ ಮತ್ತಾಯ. ಅಪೊಸ್ತಲರ ಕೃತ್ಯಗಳಲ್ಲಿ ಕೊಂಡವನು ಯೂದನೇ, ಸಾವು ಕೂಡ ಮತ್ತಾಯ ಹೇಳುವಂತೆ ಉರುಲಲ್ಲ, ಬೋರಲು ಬಿದ್ದು ಹೊಟ್ಟೆ ಒಡೆದದ್ದು. ಎರಡನ್ನೂ ಹೊಲಿಯಲು ಹೋದ ವಿವರಣೆಗಳಲ್ಲಿ ದಾರ ಎದ್ದು ಕಾಣುತ್ತದೆ.

ದೇವಾಲಯದ ವ್ಯವಹಾರದ ತೂರಿನ ಶೆಕೆಲ್ ಎಂದುಕೊಂಡರೆ ಒಂದು ನಾಣ್ಯ ಸುಮಾರು 14 ಗ್ರಾಂ, ಮೂವತ್ತಕ್ಕೆ 420 ಗ್ರಾಂ ಬೆಳ್ಳಿ. ಕೂಲಿಯವನ 120 ದಿನಗಳ ದುಡಿಮೆ. ವಿಮೋಚನಕಾಂಡದಲ್ಲಿ ಹೋರಿ ಹಾದು ಸತ್ತ ಗುಲಾಮನಿಗೆ ಕಟ್ಟುವ ಪರಿಹಾರವೂ ಮೂವತ್ತೇ. ಕೆಲವೇ ದಿನ ಮೊದಲು ಬೇಥಾನ್ಯದಲ್ಲಿ ಯೇಸುವಿನ ಪಾದಕ್ಕೆ ಸುರಿದ ತೈಲದ ಬೆಲೆ 300 ದಿನಗೂಲಿ, ಅದು ಪೋಲಾಯಿತೆಂದು ಗೊಣಗಿದವನು ಯೂದ. ಬರೀ ದುರಾಸೆ ಎಂಬ ವಿವರಣೆ ಈ ಲೆಕ್ಕದ ಮುಂದೆ ಸಪ್ಪೆ.

ಮತ್ತಾಯನ ಬರವಣಿಗೆಯ ಒಂದು ಎಚ್ಚರ ಈ ಹೊಲದ ಜೊತೆ ಸೇರಿಕೊಂಡಿದೆ. ಪ್ರವಾದಿಗಳ ಮಾತು ಉದ್ಧರಿಸುವಾಗ ಅವನು ಮತ್ತೆ ಮತ್ತೆ 'ಆ ಮಾತು ನೆರವೇರಲೆಂದು ಇದೆಲ್ಲ ಆಯಿತು' ಎನ್ನುತ್ತಾನೆ. ಎರಡು ಕಡೆ ಆ 'ನೆರವೇರಲೆಂದು' ಕೈಬಿಟ್ಟು 'ಆಗ ಆ ಮಾತು ನೆರವೇರಿತು' ಎಂದಷ್ಟೇ ಬರೆಯುತ್ತಾನೆ. ಒಂದು, ಇಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಇರುವ ಬೆತ್ಲೆಹೇಮಿನಲ್ಲಿ ಅರಸ ಹೆರೋದ ಕೂಸುಗಳನ್ನು ಕೊಲ್ಲಿಸಿದ್ದು. ಇನ್ನೊಂದು, ಯೂದನ ಹಣದಿಂದ ಈ ಹೊಲ ಕೊಂಡದ್ದು.