ಕಾರವಾರದ ರಾತ್ರಿ ರೈಲು: ಎರಡು ಸರಪಳಿ, ಎರಡು ಚಿಲಕ

ಬೆಂಗಳೂರಿನಿಂದ ಹಾಸನ, ಸಕಲೇಶಪುರದ ಮೇಲೆ ಕಾರವಾರಕ್ಕೆ ಹೋಗುವ ರಾತ್ರಿ ರೈಲಿನ ಸ್ಲೀಪರ್ ಬೋಗಿ ಹತ್ತಿದ ಮೇಲೆ ಮೊದಲ ಕೆಲಸ ಬರ್ತ್ ಹುಡುಕುವುದು. ಎದುರುಬದುರಿನ 6, ದಾರಿಯಾಚೆಯ 2 ಸೇರಿ ಒಂದು ಸಾಲಿಗೆ 8 ಬರ್ತ್. ಟಿಕೆಟ್ಟಿನ ಸಂಖ್ಯೆಯನ್ನು 8ರಿಂದ ಭಾಗಿಸಿ: 1, 4 ಉಳಿದರೆ ಕೆಳಗಿನದು, 2, 5 ನಡುವಿನದು, 3, 6 ಮೇಲಿನದು, 7 ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 43 ಎಂದರೆ ಆರನೇ ಸಾಲಿನ ಮೇಲಿನ ಬರ್ತ್. 72 ಬರ್ತಿನ ಹಳೆ ಬೋಗಿಗೂ 80ರ ಎಲ್‌ಎಚ್‌ಬಿಗೂ (ಹೊಸ ಮಾದರಿಯ ಬೋಗಿ) ಇದೇ ಲೆಕ್ಕ.

ಈ ಬೋಗಿಯಲ್ಲಿ ನಿಜಕ್ಕೂ ಜಾಣತನದ ವಸ್ತು ನಡುವಿನ ಬರ್ತ್. ಹಗಲು ಅದು ಬೆನ್ನಿಗೆ ಒರಗು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಸಿಗೆ. ಅದನ್ನು ಎತ್ತಲು ಒಬ್ಬರಿಗಿಂತ ಇಬ್ಬರು ಮೇಲು. ಒಬ್ಬರು ಭುಜ ಕೊಟ್ಟು ಹಿಡಿದಿರಬೇಕು, ಇನ್ನೊಬ್ಬರು ಮೇಲಿನಿಂದ ತೂಗುವ ಎರಡೂ ಸರಪಳಿಗಳ ಕೊಂಡಿ ಸಿಕ್ಕಿಸಬೇಕು. ಸರಪಳಿ ತಿರುಚಿಕೊಂಡಿದ್ದರೆ ಆ ಬದಿ ಗಿಡ್ಡವಾಗಿ ಬರ್ತ್ ಓರೆಯಾಗುತ್ತದೆ. ಕೊಂಡಿ ತುದಿಯಲ್ಲಿ ಮಾತ್ರ ಸಿಕ್ಕಿದ್ದರೆ ರೈಲಿನ ಕುಲುಕಾಟಕ್ಕೆ ಕಳಚಬಹುದು, ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಆದ್ದರಿಂದ ಹತ್ತುವ ಮುಂಚೆ ಎರಡೂ ಮೂಲೆಗಳನ್ನು ಅಂಗೈಯಿಂದ ಬಲವಾಗಿ ಒತ್ತಿ ನೋಡಲೇಬೇಕು. ಅರ್ಧ ನಿಮಿಷದ ಕೆಲಸ, ಬಹಳ ಮಂದಿ ಮಾಡುವುದಿಲ್ಲ.

ಸೈಡ್ ಲೋವರ್ ಹಗಲು ಇಬ್ಬರು ಕೂರುವ ಎರಡು ಸೀಟು; ಆರ್‌ಎಸಿ (ಪೂರ್ತಿ ಬರ್ತ್ ಸಿಗದೆ ಕೂರಲು ಮಾತ್ರ ಜಾಗ ಖಾತ್ರಿಯಾದ) ಟಿಕೆಟ್ಟಿನ ಇಬ್ಬರಿಗೂ ಇದೇ ಜಾಗ. ಒರಗುಗಳನ್ನು ಮಡಚಿ ಹಾಸಿಗೆ ಮಾಡಿದಾಗ ಅವು ಕೂಡುವ ಕಡೆ ಸಂದು ಉಳಿಯುತ್ತದೆ, ಸರಿಯಾಗಿ ಸೊಂಟದ ಕೆಳಗೆ. ಹೊದಿಕೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಅಡ್ಡ ಹಾಸಿದರೆ ನೋವು ತಪ್ಪುತ್ತದೆ. ಕೆಲವು ಬೋಗಿಗಳಲ್ಲಿ ಮೇಲೆ ಎಳೆದುಕೊಳ್ಳಲು ಬೇರೆಯೇ ಹಲಗೆ ಇರುತ್ತದೆ, ಕಿಟಕಿ ಪಕ್ಕ ಒಮ್ಮೆ ನೋಡಿ.

ಸಕಲೇಶಪುರ ದಾಟಿದರೆ ಘಟ್ಟ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ, 50 ಮೀಟರಿಗೆ 1 ಮೀಟರ್ ಇಳಿಜಾರು. ಮಳೆಗಾಲದಲ್ಲಿ ಇಲ್ಲಿ ಎಲ್ಲರ ಕೈಯೂ ಕಿಟಕಿಗೆ ಹೋಗುತ್ತದೆ. ಗಾಜಿನದೊಂದು, ತಗಡಿನದೊಂದು, ಎರಡು ಬಾಗಿಲು. ಎರಡೂ ಬದಿಯ ಚಿಲಕ ಒಟ್ಟಿಗೆ ಒತ್ತಿದರಷ್ಟೇ ಸರಿಯುತ್ತವೆ. ಒಂದೇ ಬದಿ ಒತ್ತಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮೇಲೆತ್ತಿದಾಗ ಚಿಲಕ ಕಚ್ಚಿನಲ್ಲಿ ಕೂತ ಟಕ್ ಸದ್ದು ಕೇಳಬೇಕು, ಆಮೇಲೆ ಒಮ್ಮೆ ಕೆಳಗೆ ಜಗ್ಗಿ ನೋಡಬೇಕು. ಅಷ್ಟು ಮಾಡದೆ ಮಕ್ಕಳನ್ನು ಕಿಟಕಿಗೆ ಮೊಣಕೈ ಊರಲು ಬಿಡಬೇಡಿ.

ವಾಶ್‌ಬೇಸಿನ್ನಿನ ನಲ್ಲಿ ಒತ್ತಿದಷ್ಟು ಹೊತ್ತು ಮಾತ್ರ ಸುರಿಯುವುದೂ ಕಾರಣವಿಲ್ಲದೆ ಅಲ್ಲ. ಬೋಗಿಯ ನೀರು ಟ್ಯಾಂಕಿನಲ್ಲಿದ್ದಷ್ಟೇ, ಒಂದು ನಲ್ಲಿ ತೆರೆದೇ ಉಳಿದರೆ ಬೆಳಿಗ್ಗೆ ಎಲ್ಲರಿಗೂ ಇಲ್ಲ.

6 ಗಂಟೆಗೆ ನಡುವಿನ ಬರ್ತ್ ಇಳಿಸುವಾಗ ಕೆಳಗಿನವರನ್ನು ಎಬ್ಬಿಸಿ ಕೂರಿಸಿ, ಬರ್ತಿನ ಭಾರ ಹಿಡಿದುಕೊಂಡೇ ಕೊಂಡಿ ಬಿಡಿಸಿ. ಬಿಡಿಸಿದ ಸರಪಳಿಗಳನ್ನು ಮೇಲಿನ ಬರ್ತಿಗೆ ಎತ್ತಿಡಿ. ಇಲ್ಲದಿದ್ದರೆ ಕಾರವಾರದವರೆಗೂ ಅವು ಕೂತವರ ಹಣೆಯ ಮಟ್ಟದಲ್ಲೇ ತೂಗುತ್ತಿರುತ್ತವೆ.