ಸೊನ್ನೆಗೆ ಸೊನ್ನೆ ಹಂಚಿದರೆ

ನಿನ್ನೆ ರಾತ್ರಿ ಮಗಳ ಪ್ರಶ್ನೆ: ಐದನ್ನು ಐದರಿಂದ ಭಾಗಿಸಿದರೆ ಒಂದು, ಹಾಗಾದ್ರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೂ ಒಂದೇ ಅಲ್ವಾ? ನಮ್ಮ ಮೇಷ್ಟ್ರಾಗಿದ್ದರೆ "ಹಾಗೆಲ್ಲ ಭಾಗಿಸಬಾರದು, ಕೂತ್ಕೋ" ಅಂದು ಮುಗಿಸುತ್ತಿದ್ದರು.

12ನ್ನು 4ರಿಂದ ಭಾಗಿಸು ಅಂದರೆ, 4ನ್ನು ಎಷ್ಟರಿಂದ ಗುಣಿಸಿದರೆ 12 ಬರುತ್ತದೆ ಅಂತ ಕೇಳಿದ ಹಾಗೆ. ಉತ್ತರ 3, ಬೇರೆ ಯಾವುದೂ ಅಲ್ಲ. ಈಗ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಸೊನ್ನೆ? 1 ಸರಿ, 7 ಸರಿ, 1000 ಕೂಡ ಸರಿ. 5ನ್ನು ಸೊನ್ನೆಯಿಂದ ಭಾಗಿಸಿದರೆ ಉತ್ತರವೇ ಇಲ್ಲ, ಇಲ್ಲಿ ನೋಡಿದರೆ ಉತ್ತರ ಜಾಸ್ತಿಯಾಗಿ ತೊಂದರೆ.

ಹೋಗಲಿ, ಒಂದು ಅಂತಲೇ ಇಟ್ಟುಕೊಳ್ಳೋಣ ಅಂದೆ. ಅದನ್ನು ಎರಡರಿಂದ ಗುಣಿಸಿದರೆ 2 ಬರಬೇಕು, ಆದರೆ ಭಾಗಿಸಬೇಕಾದ ಸೊನ್ನೆಯನ್ನು ಮೊದಲೇ ಎರಡರಿಂದ ಗುಣಿಸಿದರೆ ಅದು ಸೊನ್ನೆಯಾಗಿಯೇ ಉಳಿಯುತ್ತದೆ, ಅಂದರೆ ಉತ್ತರ ಮತ್ತೆ 1. ಎರಡೂ ಒಂದೂ ಸಮ ಆಗಿಹೋಯ್ತು! 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ ಅಂತ ಬರೆದಿದ್ದ. ಸೊನ್ನೆಗೆ ಅಷ್ಟು ಚೆನ್ನಾಗಿ ನಿಯಮ ಕಟ್ಟಿದವನೇ ಇಲ್ಲಿ ಎಡವಿದ, ಪಾಪ.

ಮಗಳು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೂ ಒತ್ತಿ ನೋಡಿದಳು. ಅದೂ ಒಪ್ಪಲಿಲ್ಲ. "ಹಾಗಾದ್ರೆ ಎರಡು ಚಾಕೊಲೇಟೂ ಒಂದೇ ಚಾಕೊಲೇಟು, ಇನ್ನೊಂದು ಕೊಡಿ" ಅಂದಳು.